ಇರಲಿ

ಕುತೈಸಿಯಲ್ಲಿ, ರಿಯೋನಿ ಹೊಳೆಯ ಬಿಳಿಗಲ್ಲುಗಳ ಎದುರು,
ಏಳನೇ ಮಹಡಿಯಲ್ಲಿ ಝುಝುನಾಳ ಮನೆ.
ಲಿಫ್ಟಿಗೆ ನಾಣ್ಯ ಹಾಕಬೇಕು. ನನ್ನಲ್ಲಿರಲಿಲ್ಲ.
ಮುನ್ನೂರ ಹನ್ನೆರಡು ಪುಟ ಹೊತ್ತು ಮೆಟ್ಟಿಲು ಹತ್ತಿದೆ.
ಬಾಗಿಲು ತೆಗೆದವಳು ಕಟ್ಟನ್ನು ಅಂಗೈಯಲ್ಲಿಟ್ಟು
ಮೀನು ಕೊಳ್ಳುವವಳ ಹಾಗೆ ತೂಗಿದಳು:
"ನೀರು ಜಾಸ್ತಿ."

ಇಪ್ಪತ್ತಾರು ವರ್ಷ ಆಕೆ ತಿದ್ದಿದ್ದು ರೈಲಿನ ವೇಳಾಪಟ್ಟಿ.
ಕಾದಂಬರಿ ಬಂದದ್ದು ಆಮೇಲೆ, ಪಿಂಚಣಿ ಸಾಲದೆ.
"ಒಂದು ಅಂಕಿ ತಪ್ಪಿದರೆ ಯಾರೋ ಒಬ್ಬಳು
ಹಿಮದಲ್ಲಿ ರಾತ್ರಿಯಿಡೀ ನಿಂತಿರುತ್ತಾಳೆ, ಗೊತ್ತಾ?
ನಿಮಗೇನು, ಕತೆಯವರಿಗೆ,
ತಪ್ಪಿದ ಕಡೆ ಮಂಜು ಕವಿಸಿಬಿಡುತ್ತೀರಿ."

ನನ್ನ ನಾಯಕ ಝೆಸ್ತಾಫೊನಿ ಬಿಟ್ಟದ್ದು ಸಂಜೆ ಆರಕ್ಕೆ,
ಊರು ಮುಟ್ಟಿದ್ದು ಅದೇ ದಿನ, ಮಟಮಟ ಮಧ್ಯಾಹ್ನ.
ಅಂಚಿನಲ್ಲಿ ನೀಲಿ ಪೆನ್ಸಿಲು: ಯಾವ ಗಾಡಿ ಇದು?
ನನಗೂ ಒಂದು ಟಿಕೇಟು ಕೊಡಿಸು.
'ಅವನ ಎದೆ ಒಡೆಯಿತು' ಎಂದಲ್ಲಿ:
ಡಾಕ್ಟರು ಬಂದರೇ?
ನಮ್ಮ ನುಡಿಯಲ್ಲಿ ಅವನಿಗೂ ಅವಳಿಗೂ ಒಂದೇ ಪದ.
ಅದರ ನೆರಳಲ್ಲಿ ನಾನು ಆರಾಮಾಗಿ ಮಲಗಿದ್ದೆ.
ಹನ್ನೊಂದನೇ ಪುಟದಲ್ಲಿ ಆಕೆ ತಟ್ಟಿ ಎಬ್ಬಿಸಿದಳು:
ಅಳುತ್ತಿರುವುದು ಯಾರು? ನಿನಗಾದರೂ ಗೊತ್ತೆ?

ಗೊತ್ತಿರಲಿಲ್ಲ.

ರಾತ್ರಿಪಾಳಿಯ ಬೇಕರಿಯಲ್ಲಿ, ರೊಟ್ಟಿ ಉಬ್ಬುವ ಹೊತ್ತಿನಲ್ಲಿ ಬರೆದದ್ದು ಅದೆಲ್ಲ.
ಪುಟದ ಮೂಲೆಗಳಲ್ಲಿ ಹಿಟ್ಟಿನ ಬೆರಳಚ್ಚು.
ಅದನ್ನೊಂದು ಆಕೆ ಒರೆಸಲಿಲ್ಲ.

ಆಮೇಲೆ ಮೆಲಾನೊ ದೊಡ್ಡಮ್ಮನ ಸರದಿ.
"ಏನೂ ಮಾಡುವುದಿಲ್ಲವಲ್ಲ ಇವಳು,
ಮೂವತ್ತೆಂಟು ಪುಟ ಕೂತು ಅಕ್ರೋಟು ಒಡೆಯುತ್ತಾಳೆ."
ನಿಜವಾಗಿ ಇದ್ದವಳು, ಎಂದೆ. ಅಮ್ಮನ ಅಕ್ಕ.
ತಕ್ಕಡಿಯ ಕಬ್ಬಿಣದ ಬಟ್ಟಿನಿಂದ ಒಡೆಯುತ್ತಿದ್ದಳು,
ತಿರುಳೆಲ್ಲ ನಮಗೆ, ಹುಡಿ ತನಗೆ.
ಝುಝುನಾ ಚಹಾ ಸುರಿದಳು, ಸಕ್ಕರೆ ಕೇಳಲಿಲ್ಲ.
"ಇದ್ದಳು ಅನ್ನುವುದು ಸಾಕ್ಷಿ ಆಯಿತು,
ಕಾರಣ ಆಗಲಿಲ್ಲ."

ಮಾತು ಬಿಟ್ಟು ಮನೆಗೆ ಬಂದೆ. ನಾಲ್ಕು ದಿನ ಬೈದುಕೊಂಡೆ.
ಐದನೆಯ ದಿನ ದೊಡ್ಡಮ್ಮನನ್ನು ತೆಗೆದೆ.
ಸುಲಭವಿತ್ತು. ಅದೇ ನೋವು.
ಒಬ್ಬರೂ ಅವಳನ್ನು ಮಾತಾಡಿಸಿರಲಿಲ್ಲ ಆ ಪುಸ್ತಕದಲ್ಲಿ,
ಎಳೆದರೆ ಬೇರಿಲ್ಲದ ಗಿಡದಂತೆ ಕೈಗೆ ಬಂದಳು.
ಕುರ್ಚಿ ತೆಗೆದೆ, ಬಟ್ಟು ತೆಗೆದೆ, ಕೆಮ್ಮು ತೆಗೆದೆ.
ಕತೆ ಓಡತೊಡಗಿತು, ನಾಚಿಕೆಯಿಲ್ಲದೆ.

ಒಂದು ಉಳಿದುಹೋಗಿತ್ತು.
ನೂರ ನಲವತ್ತನೇ ಪುಟ. ನಡುರಾತ್ರಿ ನಾಯಕ
ನೀರು ಕುಡಿಯಲು ಏಳುತ್ತಾನೆ, ಬರಿಗಾಲು,
ಕತ್ತಲಲ್ಲಿ ಅಕ್ರೋಟಿನ ಚಿಪ್ಪು ತುಳಿಯುತ್ತಾನೆ.
ನೀಲಿ ವೃತ್ತ: ಯಾರದಿದು?
ಈ ಮನೆಯಲ್ಲಿ ಯಾರೂ ಅಕ್ರೋಟು ಒಡೆಯುವುದಿಲ್ಲ.
ಸರಿಯೇ. ಒಂದು ಗೆರೆ ಎಳೆದು ಹೊಡೆದುಹಾಕಿದೆ.

ಕೊನೆಯ ಕರಡು ಬಂತು.
ನಾನು ಎಳೆದ ಗೆರೆಯ ಕೆಳಗೆ ಪೆನ್ಸಿಲಿನ ಚುಕ್ಕಿ,
ಚುಕ್ಕಿ, ಚುಕ್ಕಿ, ಇರುವೆ ಸಾಲಿನಂತೆ,
ಅಂಚಿನಲ್ಲಿ ಒಂದೇ ಮಾತು: ಇರಲಿ.

ಫೋನು ಮಾಡಿದೆ. ಬಹಳ ಹೊತ್ತು ಉತ್ತರವಿಲ್ಲ,
ಹಿಂದೆ ಎಲ್ಲೋ ಕುಕ್ಕರು ಕೂಗುತ್ತಿತ್ತು.
"ವೇಳಾಪಟ್ಟಿಯಲ್ಲೂ ಅಂಥದೊಂದು ಇತ್ತು," ಎಂದಳು,
"ಯಾರೂ ಹತ್ತದ, ಯಾರೂ ಇಳಿಯದ ಸ್ಟೇಷನ್ನು.
ತೆಗೆದುಹಾಕಿ ಅಂತ ಮೂರು ಸಲ ಬರೆದೆ ಮೇಲಿನವರಿಗೆ.
ಗಾಡಿ ಮಾತ್ರ ಒಂದು ನಿಮಿಷ ನಿಲ್ಲುತ್ತಲೇ ಇತ್ತು.
ಒಮ್ಮೆ ನಾನೇ ಹೋಗಿ ನೋಡಿದೆ."
ಏನಿತ್ತು ಅಲ್ಲಿ?
"ಒಂದು ನಿಮಿಷ," ಎಂದು ಇಟ್ಟುಬಿಟ್ಟಳು.

ಪುಸ್ತಕ ಅಚ್ಚಾಗಿ ಅಮ್ಮನ ಕೈಗೆ ಬಂತು.
ಬೆರಳಿಗೆ ಎಂಜಲು ಹಚ್ಚಿ, ತುಟಿಯಾಡಿಸಿ ಓದುತ್ತಾ ಹೋದಳು.
ಅಕ್ಕನನ್ನು ಹುಡುಕುತ್ತಿದ್ದಳೋ ಏನೋ, ಕೇಳಲಿಲ್ಲ.
ನೂರ ನಲವತ್ತರಲ್ಲಿ ನಿಂತಳು.
ಅಂಗೈಯಿಂದ ಪುಟವನ್ನು ಮೆಲ್ಲಗೆ ಗುಡಿಸಿದಳು,
ಆ ಅಂಚಿನಿಂದ ಈ ಅಂಚಿಗೆ,
ಇನ್ನೊಂದು ಕೈಯಲ್ಲಿ ಹಿಡಿದುಕೊಂಡಳು,
ಎದ್ದು ಒಲೆಯ ತನಕ ಹೋದಳು.
ಅಲ್ಲಿಯೇ ಸ್ವಲ್ಪ ಹೊತ್ತು ನಿಂತಿದ್ದಳು,
ಮುಷ್ಟಿ ಬಿಚ್ಚದೆ.